ಒಂದೇ ಡಿಸ್ಕ್, ಎರಡು ಸಿಸ್ಟಂ: ಪಾರ್ಟಿಷನ್ ಗಡಿ ಸರಿಸುವ ಮುನ್ನ

ವಿಂಡೋಸ್ ಜೊತೆಗೆ ಉಬುಂಟು ಹಾಕಿಕೊಂಡವರಿಗೆ ಒಂದಲ್ಲ ಒಂದು ದಿನ ಈ ಎಚ್ಚರಿಕೆ ಎದುರಾಗುತ್ತದೆ: ಡಿಸ್ಕ್‌ನಲ್ಲಿ ಜಾಗ ಮುಗಿಯುತ್ತಾ ಬಂದಿದೆ. ಮೊದಲು ಹಾಕುವಾಗ ‘ಸದ್ಯಕ್ಕೆ ಇಷ್ಟು ಸಾಕು, ಬಳಸಿ ನೋಡೋಣ’ ಎಂದು 40–50 ಜಿಬಿ ಕೊಟ್ಟಿರುತ್ತೀರಿ. ಬಳಸುತ್ತಾ ಹೋದಂತೆ ಅದೇ ದಿನನಿತ್ಯದ ಸಿಸ್ಟಂ ಆಗಿಬಿಡುತ್ತದೆ. ಆಂಡ್ರಾಯ್ಡ್ ಸ್ಟುಡಿಯೊ ಬರುತ್ತದೆ, ಡಾಕರ್ ಬರುತ್ತದೆ, ಪ್ರಾಜೆಕ್ಟ್ ಫೈಲುಗಳು ತುಂಬಿಕೊಳ್ಳುತ್ತವೆ. ಅತ್ತ ವಿಂಡೋಸ್‌ನ ಸಿ ಡ್ರೈವ್‌ನಲ್ಲಿ ಮಾತ್ರ 200 ಜಿಬಿಗೂ ಹೆಚ್ಚು ಜಾಗ ಖಾಲಿ ಬಿದ್ದಿರುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ, ಚೆನ್ನಾಗಿಯೇ ಓಡುತ್ತಿರುವ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಳ್ಳುವುದು ಅನೇಕರಿಗೆ ಸಹಜವಾದ ದಾರಿ. ಆದರೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಷಗಟ್ಟಲೆಯ ಕಡತಗಳಿರುವವರು, ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ ಇಟ್ಟವರು ವಿಂಡೋಸ್ ಅನ್ನು ಒಮ್ಮೆಲೇ ಬಿಡಲಾರರು. ಹೀಗಾಗಿ ಎರಡೂ ಸಿಸ್ಟಂಗಳು ಒಂದೇ ಡಿಸ್ಕ್‌ನಲ್ಲಿ ಉಳಿಯುತ್ತವೆ, ಅವುಗಳ ನಡುವಿನ ಜಾಗವನ್ನು ಮತ್ತೆ ಹಂಚಬೇಕಾಗಿ ಬರುತ್ತದೆ.

ಈ ಕೆಲಸ ಕಷ್ಟದ್ದಲ್ಲ, ಆದರೆ ನಡುವೆ ಕೈಬಿಟ್ಟು ಹಿಂದಕ್ಕೆ ಹೋಗಲು ಬರುವಂಥದ್ದೂ ಅಲ್ಲ. ಅದಕ್ಕೇ ಎರಡು ಮಾತು ಮೊದಲೇ ಮನಸ್ಸಿನಲ್ಲಿರಲಿ. ಎಷ್ಟು ಜಾಗ ಖಾಲಿ ಇದೆ ಎನ್ನುವುದಕ್ಕಿಂತ ಅದು ಡಿಸ್ಕ್‌ನಲ್ಲಿ ಎಲ್ಲಿದೆ ಎನ್ನುವುದು ಮುಖ್ಯ. ಮತ್ತು, ಪಾರ್ಟಿಷನ್ ಜರುಗಿಸದೆ ಕೆಲಸ ಆಗುವುದಾದರೆ ಜರುಗಿಸಬೇಡಿ.

ಮೊದಲು ಇರುವ ಜಾಗವನ್ನೇ ಬಿಡಿಸಿಕೊಳ್ಳಿ

ಗಡಿ ಸರಿಸುವ ಮೊದಲು ಜಾಗ ಎಲ್ಲಿ ಹೋಗಿದೆ ಎಂದು ನೋಡಿ. ಉಬುಂಟುವಿನ ‘ಡಿಸ್ಕ್ ಯೂಸೇಜ್ ಅನಲೈಸರ್’ ತೆರೆದರೆ ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂದು ಕೂಡಲೇ ಗೊತ್ತಾಗುತ್ತದೆ. ಹಳೆಯ ಕರ್ನಲ್‌ಗಳು, ಇನ್‌ಸ್ಟಾಲ್ ಆದ ಮೇಲೂ ಉಳಿದ ಪ್ಯಾಕೇಜ್ ಫೈಲುಗಳು, ಸ್ನ್ಯಾಪ್ ಉಳಿಸಿಕೊಂಡಿರುವ ಹಿಂದಿನ ಆವೃತ್ತಿಗಳು, ಬಳಸದ ಡಾಕರ್ ಇಮೇಜ್‌ಗಳು ಸೇರಿದರೆ ಹಲವು ಜಿಬಿ ಆಗುತ್ತದೆ. ‘ಸುಡೊ ಆಪ್ಟ್ ಆಟೊರಿಮೂವ್’ ಆದೇಶ ಬೇಡದ ಕರ್ನಲ್ ಮತ್ತು ಪ್ಯಾಕೇಜ್‌ಗಳನ್ನು ತೆಗೆಯುತ್ತದೆ.

ಇನ್ನೊಂದು ವಿಷಯ. ಉಬುಂಟು ಬಳಸುವ ಎಕ್ಸ್‌ಟ್4 ಫೈಲ್‌ ಸಿಸ್ಟಂ ತನ್ನ ಗಾತ್ರದ ಶೇಕಡಾ 5ರಷ್ಟು ಜಾಗವನ್ನು ರೂಟ್ ಬಳಕೆಗೆಂದೇ ಕಾದಿರಿಸುತ್ತದೆ. 50 ಜಿಬಿ ಪಾರ್ಟಿಷನ್‌ನಲ್ಲಿ ಇದು 2.5 ಜಿಬಿ. ಲೆಕ್ಕದಲ್ಲಿ ಇನ್ನೂ ಜಾಗ ಇರಬೇಕು ಅನಿಸಿದರೂ ‘ಡಿಸ್ಕ್ ತುಂಬಿದೆ’ ಎಂದು ಬರುವುದಕ್ಕೆ ಇದೂ ಕಾರಣ.

ವಿಂಡೋಸ್‌ನಲ್ಲೂ ಹೀಗೆಯೇ ನೋಡಿ. ದೊಡ್ಡ ಅಪ್‌ಡೇಟ್ ಆದಾಗ ಹಳೆಯ ಆವೃತ್ತಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್‌ನಲ್ಲಿ ಉಳಿದಿರುತ್ತದೆ. ಸಾಮಾನ್ಯವಾಗಿ 10 ದಿನಕ್ಕೆ ಅದು ತಾನಾಗಿಯೇ ಹೋಗುತ್ತದೆ. ಅಲ್ಲಿಯವರೆಗೆ ಕಾದರೆ ಸಿ ಡ್ರೈವ್‌ನಲ್ಲಿ ನಿಜವಾಗಿ ಎಷ್ಟು ಖಾಲಿ ಇದೆ ಎಂಬುದು ತಿಳಿಯುತ್ತದೆ.

ಡಿಸ್ಕ್‌ನ ನಕ್ಷೆ ಓದುವುದು

ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಭಾಗದಲ್ಲಿ ‘ಡಿಸ್ಕ್ 0’ ಎದುರು ಉದ್ದಕ್ಕೆ ಚೌಕಗಳ ಸಾಲು ಕಾಣುತ್ತದೆ. 512 ಜಿಬಿ ಎಂದು ಮಾರಿದ ಎಸ್‌ಎಸ್‌ಡಿ ಇಲ್ಲಿ ಸುಮಾರು 476 ಜಿಬಿ ಎಂದು ತೋರಿದರೆ ಗಾಬರಿ ಬೇಡ. ತಯಾರಕರು 1 ಜಿಬಿಯನ್ನು 100 ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಈ ಸಾಲನ್ನು ಎಡದಿಂದ ಬಲಕ್ಕೆ ಓದಿ. ಮೊದಲೇ ವಿಂಡೋಸ್ 11 ಇದ್ದು ಆಮೇಲೆ ಉಬುಂಟು ಹಾಕಿದ ಲ್ಯಾಪ್‌ಟಾಪ್‌ನಲ್ಲಿ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ:

1. ಇಎಫ್‌ಐ ಸಿಸ್ಟಂ ಪಾರ್ಟಿಷನ್, 100 ಎಂಬಿ ಅಥವಾ ಸ್ವಲ್ಪ ಹೆಚ್ಚು. ವಿಂಡೋಸ್ ಮತ್ತು ಉಬುಂಟು ಎರಡರ ಬೂಟ್ ಫೈಲುಗಳೂ ಇಲ್ಲಿರುತ್ತವೆ.
2. ಮೈಕ್ರೋಸಾಫ್ಟ್ ಕಾದಿರಿಸಿದ 16 ಎಂಬಿ ತುಣುಕು. ಡಿಸ್ಕ್ ಮ್ಯಾನೇಜ್‌ಮೆಂಟ್ ಇದನ್ನು ತೋರಿಸುವುದಿಲ್ಲ, ಲಿನಕ್ಸ್‌ನ ಪಾರ್ಟಿಷನ್ ಸಾಧನವಾದ ಜಿಪಾರ್ಟೆಡ್ ತೋರಿಸುತ್ತದೆ.
3. ಸಿ ಡ್ರೈವ್. ನಮ್ಮ ಉದಾಹರಣೆಯಲ್ಲಿ 425 ಜಿಬಿ.
4. ಉಬುಂಟುವಿನ ಎಕ್ಸ್‌ಟ್4 ಪಾರ್ಟಿಷನ್, 50 ಜಿಬಿ.
5. ವಿಂಡೋಸ್‌ನ ರಿಕವರಿ ಪಾರ್ಟಿಷನ್, ಸುಮಾರು 1 ಜಿಬಿ.

ನಾಲ್ಕನೆಯ ಚೌಕವನ್ನು ಗಮನಿಸಿ. ಎಕ್ಸ್‌ಟ್4 ಎಂದರೇನೆಂದು ವಿಂಡೋಸ್‌ಗೆ ಗೊತ್ತಿಲ್ಲ. ಹಾಗಾಗಿ ಅದಕ್ಕೆ ಡ್ರೈವ್ ಅಕ್ಷರವೂ ಇರುವುದಿಲ್ಲ, ಫೈಲ್‌ ಸಿಸ್ಟಂನ ಹೆಸರೂ ಇರುವುದಿಲ್ಲ; ಬರೀ ಗಾತ್ರ ಇರುತ್ತದೆ. ಹೆಸರಿಲ್ಲದ ಈ ಚೌಕವನ್ನು ಯಾರದ್ದೂ ಅಲ್ಲದ ಜಾಗ ಎಂದುಕೊಂಡು ಡಿಲೀಟ್ ಮಾಡಿದರೆ ಇಡೀ ಉಬುಂಟು ಹೋಗುತ್ತದೆ. ‘ಇದನ್ನು ಫಾರ್ಮ್ಯಾಟ್ ಮಾಡಬೇಕೆ?’ ಎಂದು ವಿಂಡೋಸ್ ಎಂದಾದರೂ ಕೇಳಿದರೆ ಬೇಡ ಎನ್ನಿ. ನಿಜವಾಗಿ ಖಾಲಿ ಇರುವ ಜಾಗದ ಮೇಲೆ ಕಪ್ಪು ಪಟ್ಟಿ ಇದ್ದು ‘ಅನ್‌ಅಲೊಕೇಟೆಡ್’ ಎಂದು ಬರೆದಿರುತ್ತದೆ.

ಕ್ರಮ ಏಕೆ ಮುಖ್ಯ ಎನ್ನುವುದು ಜಮೀನಿನ ವ್ಯವಹಾರ ಬಲ್ಲವರಿಗೆ ಬೇಗ ತಿಳಿಯುತ್ತದೆ. ಅಣ್ಣತಮ್ಮಂದಿರ ಹೊಲಗಳ ನಡುವಿನ ಬದು ಸರಿಸಬಹುದು, ಆದರೆ ನಡುವೆ ಮೂರನೆಯವರ ಹೊಲ ಇದ್ದರೆ ಬದು ಸರಿಸಿ ಪ್ರಯೋಜನವಿಲ್ಲ. ಪಾರ್ಟಿಷನ್ ಕೂಡ ತನಗೆ ಅಂಟಿಕೊಂಡಿರುವ ಖಾಲಿ ಜಾಗದೊಳಗೆ ಮಾತ್ರ ಬೆಳೆಯಬಲ್ಲದು.

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಇನ್ನೂ ಕಟ್ಟುನಿಟ್ಟು: ಖಾಲಿ ಜಾಗ ಸರಿಯಾಗಿ ಬಲಗಡೆಗೇ ಇರಬೇಕು. ಎಡಗಡೆ ಇದ್ದರೆ, ಅಥವಾ ನಡುವೆ ರಿಕವರಿ ಪಾರ್ಟಿಷನ್ ಕೂತಿದ್ದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಎಂಬ ಆಯ್ಕೆ ಮಸುಕಾಗಿಯೇ ಇರುತ್ತದೆ. ನಿಮ್ಮ ಡಿಸ್ಕ್‌ನ ಕ್ರಮವನ್ನು ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಏನಾದರೂ ಎಡವಟ್ಟಾದರೆ ಆ ಸಂಖ್ಯೆಗಳೇ ಆಧಾರ.

ಕೈ ಹಾಕುವ ಮುನ್ನ ಆಗಬೇಕಾದ ಐದು ಕೆಲಸ

ಒಂದು, ಬ್ಯಾಕಪ್. ಫೋಟೊ, ಪ್ರಬಂಧ, ಲೆಕ್ಕಪತ್ರ, ನುಡಿ ಕಡತ, ಕೋಡ್, ಯಾವುದು ಕಳೆದುಹೋದರೆ ನಿಮಗೆ ನಷ್ಟವೋ ಅದೆಲ್ಲ ಇನ್ನೊಂದು ಡಿಸ್ಕ್‌ಗೆ ಹೋಗಬೇಕು. ಅದೇ ಡಿಸ್ಕ್‌ನ ಬೇರೆ ಪಾರ್ಟಿಷನ್‌ಗೆ ನಕಲು ಮಾಡಿದರೆ ಅದು ಬ್ಯಾಕಪ್ ಅಲ್ಲ. ಇಡೀ ಡಿಸ್ಕ್‌ನ ಪ್ರತಿ ಬೇಕೆಂದರೆ ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶವಿದೆ. ನಕಲು ಮುಗಿದ ಮೇಲೆ ಎಕ್ಸ್‌ಟರ್ನಲ್ ಡಿಸ್ಕ್‌ನಿಂದಲೇ ನಾಲ್ಕಾರು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಮೇಲೆ ಭರವಸೆ ಇಡಬೇಡಿ.

ಎರಡು, ಡಿಸ್ಕ್‌ನ ಆರೋಗ್ಯ. ಉಬುಂಟುವಿನ ‘ಡಿಸ್ಕ್ಸ್’ ಆ್ಯಪ್‌ನಲ್ಲಿ ಸ್ಮಾರ್ಟ್ ಮಾಹಿತಿ ಸಿಗುತ್ತದೆ, ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಇದೆ. ಕೆಟ್ಟ ಸೆಕ್ಟರ್‌ಗಳು ಕಾಣಿಸಿಕೊಂಡಿದ್ದರೆ ಪಾರ್ಟಿಷನ್ ಕೆಲಸ ಬಿಟ್ಟು ಹೊಸ ಡಿಸ್ಕ್ ತನ್ನಿ. ಸಾಯುತ್ತಿರುವ ಡಿಸ್ಕ್ ಮೇಲೆ ಹತ್ತಾರು ಜಿಬಿ ಡೇಟಾ ಜರುಗಿಸುವುದು ಇದ್ದದ್ದನ್ನೂ ಕಳೆದುಕೊಳ್ಳುವ ದಾರಿ.

ಮೂರು, ಬಿಟ್‌ಲಾಕರ್. ವಿಂಡೋಸ್ 11ರ 2024ರ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ನೀವು ಕೇಳದಿದ್ದರೂ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು. ಸೆಟ್ಟಿಂಗ್ಸ್‌ನ ಪ್ರೈವೆಸಿ ಮತ್ತು ಸೆಕ್ಯುರಿಟಿ ಭಾಗದಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ನೋಡಿ. ಆನ್ ಇದ್ದರೆ, 48 ಅಂಕಿಗಳ ರಿಕವರಿ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆಯಲ್ಲಿ ಏನಾದರೂ ಬದಲಾದರೆ ವಿಂಡೋಸ್ ಮೊದಲು ಕೇಳುವುದು ಅದನ್ನೇ, ಅದಿಲ್ಲದೆ ಒಳಗೆ ಹೋಗಲು ಬೇರೆ ದಾರಿ ಇಲ್ಲ.

ನಾಲ್ಕು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದು. ವಿಂಡೋಸ್ 8ರಿಂದ ಬಂದ ಈ ಸೌಲಭ್ಯದಲ್ಲಿ ‘ಶಟ್‌ಡೌನ್’ ಒತ್ತಿದರೂ ಸಿಸ್ಟಂ ಪೂರ್ತಿ ಮುಚ್ಚುವುದಿಲ್ಲ. ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಮಲಗುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್ ಕಡೆಯಿಂದ ಸಿ ಡ್ರೈವ್ ಬದಲಾದರೆ ಫೈಲ್‌ ಸಿಸ್ಟಂ ಕೆಡುತ್ತದೆ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಪವರ್‌ಸಿಎಫ್‌ಜಿ’, ಒಂದು ಖಾಲಿ ಜಾಗ, ಓರೆಗೆರೆಯೊಂದಿಗೆ ‘ಎಚ್’, ಮತ್ತೊಂದು ಖಾಲಿ ಜಾಗ, ‘ಆಫ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಹೈಬರ್ನೇಟ್, ಫಾಸ್ಟ್ ಸ್ಟಾರ್ಟಪ್ ಎರಡೂ ಹೋಗುತ್ತವೆ. ಎರಡು ಸಿಸ್ಟಂ ಇಟ್ಟುಕೊಂಡವರು ಇದನ್ನು ಖಾಯಂ ಆಫ್ ಇಡುವುದೇ ಕ್ಷೇಮ.

ಐದು, ಕರೆಂಟು. ಜರುಗಿಸುವ ಕೆಲಸ ನಡೆಯುವಾಗ ಅರ್ಧ ಡೇಟಾ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಇರುತ್ತದೆ. ಆ ಹೊತ್ತಿಗೆ ಕರೆಂಟು ಹೋದರೆ ಎರಡೂ ಕಡೆ ಸಲ್ಲದ ಸ್ಥಿತಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ, ಚಾರ್ಜರ್ ಹಾಕಿಯೇ ಇಡಿ. ಡೆಸ್ಕ್‌ಟಾಪ್‌ನ ಸಣ್ಣ ಯುಪಿಎಸ್ ಫೈಲ್ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಬರುತ್ತದೆ, ಗಂಟೆಗಟ್ಟಲೆಯ ಕೆಲಸಕ್ಕಲ್ಲ. ಬೇಸಿಗೆಯ ಲೋಡ್‌ಶೆಡ್ಡಿಂಗ್, ಮುಂಗಾರಿನ ಗಾಳಿಮಳೆ ಇರುವ ದಿನಗಳಲ್ಲಿ ಮನೆಯ ಇನ್ವರ್ಟರ್ ಲೈನಿಗೆ ಕಂಪ್ಯೂಟರ್ ಹಾಕಿಕೊಂಡು, ಅದರ ಬ್ಯಾಟರಿ ತುಂಬಿದೆ ಎಂದು ನೋಡಿಯೇ ಶುರು ಮಾಡಿ.

ಸಿ ಡ್ರೈವ್ ಕುಗ್ಗಿಸುವುದು: ವಿಂಡೋಸ್ ಕೆಲಸ ವಿಂಡೋಸ್‌ನಲ್ಲೇ

ಲಿನಕ್ಸ್‌ನ ಜಿಪಾರ್ಟೆಡ್ ಕೂಡ ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಷನ್ ಕುಗ್ಗಿಸಬಲ್ಲದು. ಆದರೂ ವಿಂಡೋಸ್ ಪಾರ್ಟಿಷನ್ ಅನ್ನು ವಿಂಡೋಸ್‌ನ ಸಾಧನದಿಂದಲೇ, ಲಿನಕ್ಸ್ ಪಾರ್ಟಿಷನ್ ಅನ್ನು ಲಿನಕ್ಸ್ ಸಾಧನದಿಂದಲೇ ಮುಟ್ಟುವುದು ಒಳ್ಳೆಯ ಪದ್ಧತಿ. ಬಿಟ್‌ಲಾಕರ್ ಇರುವ ಸಿ ಡ್ರೈವ್ ಅನ್ನು ಜಿಪಾರ್ಟೆಡ್ ಕುಗ್ಗಿಸಲಾರದು, ವಿಂಡೋಸ್ ಕುಗ್ಗಿಸುತ್ತದೆ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಆರಿಸಿ. ಕೆಲ ಹೊತ್ತಿನ ನಂತರ ನಾಲ್ಕು ಸಾಲುಗಳ ಪುಟ್ಟ ಕಿಟಕಿ ಬರುತ್ತದೆ. ಮೊದಲ ಸಾಲಿನಲ್ಲಿ ಈಗಿನ ಒಟ್ಟು ಗಾತ್ರ, ನಮ್ಮ ಉದಾಹರಣೆಯಲ್ಲಿ 435200 ಎಂಬಿ. ಎರಡನೆಯದು ಎಷ್ಟು ಕುಗ್ಗಿಸಬಹುದು ಎಂಬ ಮಿತಿ. ಮೂರನೆಯದರಲ್ಲಿ ಮಾತ್ರ ನೀವು ಬರೆಯಬೇಕು: ಎಷ್ಟು ಕುಗ್ಗಿಸಬೇಕು. ನಾಲ್ಕನೆಯದು ಕುಗ್ಗಿಸಿದ ಮೇಲೆ ಉಳಿಯುವ ಗಾತ್ರ.

ಇಲ್ಲಿ ಆಗುವ ಸಾಮಾನ್ಯ ತಪ್ಪು ಎರಡು. ಮೂರನೆಯ ಸಾಲಿನಲ್ಲಿ ಸಿ ಡ್ರೈವ್‌ಗೆ ಉಳಿಯಬೇಕಾದ ಗಾತ್ರ ಬರೆಯುವುದು ಒಂದು. ಅಲ್ಲಿ ಬರೆಯಬೇಕಾದದ್ದು ಹೊರಗೆ ತೆಗೆಯಬೇಕಾದ ಗಾತ್ರ. ಜಿಬಿಯನ್ನು 1000ದಿಂದ ಗುಣಿಸುವುದು ಇನ್ನೊಂದು, 1024ರಿಂದ ಗುಣಿಸಬೇಕು. 60 ಜಿಬಿ ಬೇಕಿದ್ದರೆ 61440 ಎಂದು ಬರೆಯಿರಿ. ಆಗ ನಾಲ್ಕನೆಯ ಸಾಲು 373760 ಎಂದು ಬದಲಾಗುತ್ತದೆ, ಅಂದರೆ ಸಿ ಡ್ರೈವ್‌ಗೆ 365 ಜಿಬಿ. ಇದನ್ನು ಒಮ್ಮೆ ಓದಿ ನೋಡಿದ ಮೇಲೆಯೇ ‘ಶ್ರಿಂಕ್’ ಒತ್ತಿ. ವಿಂಡೋಸ್‌ಗೆ ಉಸಿರಾಡಲು ಜಾಗ ಬಿಡುವುದನ್ನೂ ಮರೆಯಬೇಡಿ. ಬಳಕೆಯಾದ ಜಾಗದ ಮೇಲೆ ಕನಿಷ್ಠ 40–50 ಜಿಬಿ ಖಾಲಿ ಇದ್ದರೆ ಮುಂದಿನ ಅಪ್‌ಡೇಟ್‌ಗಳಿಗೆ ತೊಡಕಿಲ್ಲ.

200 ಜಿಬಿ ಖಾಲಿ ಇದ್ದರೂ ಕುಗ್ಗದಿದ್ದರೆ

ಎರಡನೆಯ ಸಾಲಿನ ಮಿತಿ ಎಷ್ಟೋ ಸಲ ನಿರಾಸೆ ಮಾಡುತ್ತದೆ. 200 ಜಿಬಿ ಖಾಲಿ ಇದ್ದರೂ 10–20 ಜಿಬಿ ಮಾತ್ರ ಕುಗ್ಗಿಸಬಹುದು ಎಂದು ತೋರಿಸಬಹುದು. ಕಾರಣ, ವಿಂಡೋಸ್ ಓಡುತ್ತಿರುವಾಗ ಕೆಲವು ಫೈಲುಗಳನ್ನು ಜಾಗ ಬದಲಿಸಲು ಬರುವುದಿಲ್ಲ. ಹೈಬರ್ನೇಟ್ ಫೈಲ್, ವರ್ಚುವಲ್ ಮೆಮೊರಿಯ ಪೇಜ್‌ಫೈಲ್, ಸಿಸ್ಟಂ ರಿಸ್ಟೋರ್‌ನ ಪ್ರತಿಗಳು ಈ ಜಾತಿಯವು. ಇವುಗಳಲ್ಲಿ ಒಂದು ಪಾರ್ಟಿಷನ್‌ನ ನಡುವೆ ಎಲ್ಲೋ ಕೂತಿದ್ದರೆ ಸಾಕು, ಅದರಾಚೆಯ ಜಾಗ ಮಾತ್ರ ಬಿಡಿಸಿಕೊಳ್ಳಲು ಸಾಧ್ಯ.

ಹೈಬರ್ನೇಟ್ ಫೈಲ್ ಮೇಲಿನ ಆದೇಶದಿಂದ ಹೋಗಿರುತ್ತದೆ. ಮುಂದೆ ಅಡ್ವಾನ್ಸ್ಡ್ ಸಿಸ್ಟಂ ಸೆಟ್ಟಿಂಗ್ಸ್ ತೆರೆದು, ಪರ್ಫಾರ್ಮೆನ್ಸ್ ಭಾಗದ ವರ್ಚುವಲ್ ಮೆಮೊರಿಯಲ್ಲಿ ‘ನೋ ಪೇಜಿಂಗ್ ಫೈಲ್’ ಆರಿಸಿ. ಅಲ್ಲೇ ಇರುವ ಸಿಸ್ಟಂ ಪ್ರೊಟೆಕ್ಷನ್ ಆಫ್ ಮಾಡಿ. ಹೀಗೆ ಮಾಡಿದಾಗ ಹಳೆಯ ರಿಸ್ಟೋರ್ ಪಾಯಿಂಟ್‌ಗಳು ಅಳಿಸಿಹೋಗುತ್ತವೆ ಎಂಬುದು ಗೊತ್ತಿರಲಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಮತ್ತೆ ಶ್ರಿಂಕ್ ಪ್ರಯತ್ನಿಸಿ. ಬಹುಪಾಲು ಕಂಪ್ಯೂಟರ್‌ಗಳಲ್ಲಿ ಮಿತಿ ಇಷ್ಟಕ್ಕೇ ಏರುತ್ತದೆ.

ಆಗಲೂ ಬಗ್ಗದಿದ್ದರೆ ಅಡ್ಡ ಕೂತ ಫೈಲ್ ಯಾವುದೆಂದು ವಿಂಡೋಸ್ ಅನ್ನೇ ಕೇಳಬಹುದು. ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಅಪ್ಲಿಕೇಷನ್ ಪಟ್ಟಿಯಲ್ಲಿ 259 ಸಂಖ್ಯೆಯ ಇವೆಂಟ್ ಹುಡುಕಿ. ಜರುಗಿಸಲು ಬಾರದ ಕೊನೆಯ ಫೈಲ್‌ನ ಹೆಸರು ಅದರಲ್ಲಿ ಬರೆದಿರುತ್ತದೆ. ಅದು ಯಾವ ಪ್ರೋಗ್ರಾಂನದ್ದು ಎಂದು ನೋಡಿ, ಆ ಪ್ರೋಗ್ರಾಂ ನಿಲ್ಲಿಸಿ ಇನ್ನೊಮ್ಮೆ ಮಾಡಿ. ಕೆಲಸ ಮುಗಿದ ಕೂಡಲೇ ಪೇಜ್‌ಫೈಲ್ ಮತ್ತು ಸಿಸ್ಟಂ ಪ್ರೊಟೆಕ್ಷನ್ ಎರಡನ್ನೂ ಮೊದಲಿನಂತೆ ಆನ್ ಮಾಡುವುದನ್ನು ಮರೆಯಬೇಡಿ.

ಸಿಕ್ಕ ಜಾಗ ಉಬುಂಟುಗೆ: ಎರಡು ದಾರಿ

ಈಗ ಸಿ ಡ್ರೈವ್ ಮತ್ತು ಉಬುಂಟು ನಡುವೆ 60 ಜಿಬಿ ಅನ್‌ಅಲೊಕೇಟೆಡ್ ಜಾಗ ಇದೆ. ಅದು ಉಬುಂಟುವಿನ ಎಡಕ್ಕಿದೆ ಎಂಬುದೇ ಇಲ್ಲಿನ ತೊಡಕು. ಬಲಕ್ಕಿದ್ದರೆ ಉಬುಂಟುವಿನ ಕೊನೆಯನ್ನು ಮುಂದಕ್ಕೆ ಎಳೆದರೆ ಸಾಕು, ಕೆಲವೇ ಕ್ಷಣದ ಕೆಲಸ. ಎಡಕ್ಕೆ ಬೆಳೆಯಬೇಕೆಂದರೆ ಪಾರ್ಟಿಷನ್‌ನ ಆರಂಭವೇ ಹಿಂದಕ್ಕೆ ಹೋಗಬೇಕು. ಅದಕ್ಕೆ ಒಳಗಿರುವ ಡೇಟಾ ಎಲ್ಲ ಜಾಗ ಬದಲಿಸಬೇಕು.

*ಮೊದಲ ದಾರಿ: ಜರುಗಿಸದೆ ಹೊಸ ಪಾರ್ಟಿಷನ್.* ನಿಮ್ಮ ಜಾಗ ತಿನ್ನುತ್ತಿರುವುದು ವಿಡಿಯೊ, ಫೋಟೊ, ಡೌನ್‌ಲೋಡ್, ವರ್ಚುವಲ್ ಮಷೀನ್ ಇಂಥ ಸ್ವಂತ ಫೈಲುಗಳಾದರೆ ಇದೇ ಉತ್ತಮ. ಉಬುಂಟುಗೆ ಬೂಟ್ ಆಗಿ ‘ಡಿಸ್ಕ್ಸ್’ ಆ್ಯಪ್ ತೆರೆಯಿರಿ. ಖಾಲಿ 60 ಜಿಬಿಯನ್ನು ಆರಿಸಿ, ಕೂಡಿಸುವ ಗುರುತು ಒತ್ತಿ, ಎಕ್ಸ್‌ಟ್4 ಆಗಿ ಹೊಸ ಪಾರ್ಟಿಷನ್ ಮಾಡಿ, ‘ಡೇಟಾ’ ಎಂದು ಹೆಸರಿಡಿ. ಆಮೇಲೆ ಗೇರ್ ಚಿಹ್ನೆಯಡಿ ‘ಎಡಿಟ್ ಮೌಂಟ್ ಆಪ್ಷನ್ಸ್’ಗೆ ಹೋಗಿ ಕಂಪ್ಯೂಟರ್ ಶುರುವಾದಾಗಲೇ ಮೌಂಟ್ ಆಗುವಂತೆ ಗುರುತು ಹಾಕಿ.

ಇದೇ ಪಾರ್ಟಿಷನ್ ಅನ್ನು ಜಿಪಾರ್ಟೆಡ್‌ನಲ್ಲಿ ಮಾಡಿದರೆ ಒಡೆತನ ರೂಟ್ ಹೆಸರಿನಲ್ಲಿ ಉಳಿಯುತ್ತದೆ. ಫೈಲ್ ಹಾಕಲು ಹೋದರೆ ‘ಅನುಮತಿ ಇಲ್ಲ’ ಎಂದು ಬಂದಾಗ ಬೆಚ್ಚಬೇಡಿ, ಟರ್ಮಿನಲ್‌ನಲ್ಲಿ ಒಡೆತನವನ್ನು ನಿಮ್ಮ ಹೆಸರಿಗೆ ಬದಲಿಸಿದರೆ ಸರಿಹೋಗುತ್ತದೆ. ಈ ಫೈಲುಗಳು ವಿಂಡೋಸ್‌ಗೂ ಕಾಣಬೇಕೆಂದರೆ ಎಕ್ಸ್‌ಟ್4 ಬದಲು ಎನ್‌ಟಿಎಫ್‌ಎಸ್ ಮಾಡಿ. ಅದನ್ನು ಲಿನಕ್ಸ್ ಚೆನ್ನಾಗಿಯೇ ಓದಿ ಬರೆಯುತ್ತದೆ. ಈ ದಾರಿಯಲ್ಲಿ ಇದ್ದ ಡೇಟಾ ಎಲ್ಲೂ ಜರುಗುವುದಿಲ್ಲ, ಬೂಟ್ ವ್ಯವಸ್ಥೆ ಮುಟ್ಟುವುದಿಲ್ಲ. ನಾನು ಮೊದಲು ಹೇಳುವುದು ಇದನ್ನೇ.

*ಎರಡನೆಯ ದಾರಿ: ಉಬುಂಟುವನ್ನೇ ಹಿಗ್ಗಿಸುವುದು.* ಡಾಕರ್, ಸ್ನ್ಯಾಪ್, ದೊಡ್ಡ ತಂತ್ರಾಂಶಗಳಿಂದ ರೂಟ್ ಪಾರ್ಟಿಷನ್ನೇ ತುಂಬಿದ್ದರೆ ಇದು ಬೇಕಾಗುತ್ತದೆ. ಓಡುತ್ತಿರುವ ಉಬುಂಟು ತನ್ನ ಪಾರ್ಟಿಷನ್ ಅನ್ನು ತಾನೇ ಜರುಗಿಸಿಕೊಳ್ಳಲಾರದು. ಹಾಗಾಗಿ ಪೆನ್‌ಡ್ರೈವ್‌ನಿಂದ ಬೂಟ್ ಆಗಬೇಕು. ಉಬುಂಟುವಿನ ಐಎಸ್‌ಒ ಫೈಲನ್ನು ರೂಫಸ್ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆದು, ಕಂಪ್ಯೂಟರ್ ಆನ್ ಆಗುವಾಗ ನಿಮ್ಮ ಬ್ರ್ಯಾಂಡ್‌ಗೆ ತಕ್ಕಂತೆ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವ್ ಆರಿಸಿ, ‘ಟ್ರೈ ಉಬುಂಟು’ಗೆ ಹೋಗಿ. ಜಿಪಾರ್ಟೆಡ್ ಅದರಲ್ಲಿ ಸಿಗದಿದ್ದರೆ ಜಿಪಾರ್ಟೆಡ್ ಲೈವ್ ಎಂದೇ ಪ್ರತ್ಯೇಕ ಐಎಸ್‌ಒ ಇದೆ. ಮೊದಲ ಕೆಲಸವಾಗಿ ಪವರ್ ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ನಿದ್ದೆಗೆ ಜಾರುವುದನ್ನು ಆಫ್ ಮಾಡಿ.

ಜಿಪಾರ್ಟೆಡ್ ತೆರೆದು ಮೇಲೆ ಬಲಗಡೆ ಸರಿಯಾದ ಡಿಸ್ಕ್ ಆರಿಸಿದ್ದೀರಾ ನೋಡಿ. ಪೆನ್‌ಡ್ರೈವ್ ಕೂಡ ಅದೇ ಪಟ್ಟಿಯಲ್ಲಿರುತ್ತದೆ. ಪಾರ್ಟಿಷನ್ ಎದುರು ಬೀಗ ಅಥವಾ ಬೀಗದಕೈ ಗುರುತಿದ್ದರೆ ಅದು ಬಳಕೆಯಲ್ಲಿದೆ ಎಂದರ್ಥ. ರೈಟ್ ಕ್ಲಿಕ್ ಮಾಡಿ ‘ಅನ್‌ಮೌಂಟ್’ ಮಾಡಿ, ಸ್ವಾಪ್ ಪಾರ್ಟಿಷನ್ ಆದರೆ ‘ಸ್ವಾಪ್‌ಆಫ್’ ಮಾಡಿ.

ಈಗ ಉಬುಂಟು ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರಿಸೈಜ್/ಮೂವ್’ ಒತ್ತಿ. ಮೇಲೊಂದು ಉದ್ದ ಪಟ್ಟಿ, ಅದರ ಎರಡೂ ತುದಿಗೆ ಬಾಣ, ಕೆಳಗೆ ಮೂರು ಸಂಖ್ಯೆ: ಮುಂಚಿನ ಖಾಲಿ ಜಾಗ 61440, ಹೊಸ ಗಾತ್ರ 51200, ನಂತರದ ಖಾಲಿ ಜಾಗ 0. ಎಡ ತುದಿಯ ಬಾಣವನ್ನು ಕೊನೆಯವರೆಗೆ ಎಡಕ್ಕೆ ಎಳೆಯಿರಿ. ನಡುಭಾಗ ಹಿಡಿದು ಎಳೆದರೆ ಗಾತ್ರ ಬೆಳೆಯದೆ ಪಾರ್ಟಿಷನ್ ಬರೀ ಜಾಗ ಬದಲಿಸುತ್ತದೆ. ಸರಿಯಾಗಿ ಎಳೆದಿದ್ದರೆ ಸಂಖ್ಯೆಗಳು 0, 112640, 0 ಎಂದಾಗಬೇಕು. 112640 ಎಂಬಿ ಎಂದರೆ 110 ಜಿಬಿ. ‘ಅಲೈನ್’ ಎಂಬುದನ್ನು ಎಂಐಬಿ ಎಂದೇ ಬಿಡಿ.

ಒಪ್ಪಿಗೆ ಕೊಟ್ಟರೂ ಇನ್ನೂ ಏನೂ ನಡೆದಿರುವುದಿಲ್ಲ. ಮಾಡಬೇಕಾದ ಕೆಲಸ ಕೆಳಗಿನ ಪಟ್ಟಿಯಲ್ಲಿ ಕಾದಿರುತ್ತದೆ, ಮನಸ್ಸು ಬದಲಾದರೆ ‘ಅನ್‌ಡೂ’ ಮಾಡಬಹುದು. ಫೋಟೊ ತೆಗೆದಿಟ್ಟ ಹಳೆಯ ನಕ್ಷೆಯೊಂದಿಗೆ ಹೋಲಿಸಿ. ಪಾರ್ಟಿಷನ್ ಜರುಗಿಸಿದರೆ ಸಿಸ್ಟಂ ಬೂಟ್ ಆಗದೆ ಹೋಗಬಹುದು, ಬಹಳ ಹೊತ್ತು ಹಿಡಿಯಬಹುದು ಎಂಬ ಎಚ್ಚರಿಕೆಗಳು ಬರುತ್ತವೆ. ಎರಡೂ ನಿಜ, ಬ್ಯಾಕಪ್ ಮಾಡಿದ್ದು ಇದಕ್ಕೇ. ಹಸಿರು ಗುರುತಿನ ‘ಅಪ್ಲೈ’ ಒತ್ತಿದ ಮೇಲೆ ಮಾತ್ರ ಡಿಸ್ಕ್ ಮೇಲೆ ಬರೆಯುವುದು ಶುರು. ಎಸ್‌ಎಸ್‌ಡಿಯಲ್ಲಿ ಬೇಗ ಮುಗಿಯುತ್ತದೆ, ತಿರುಗುವ ಹಳೆಯ ಹಾರ್ಡ್‌ ಡಿಸ್ಕ್‌ನಲ್ಲಿ ಗಂಟೆಗಟ್ಟಲೆ ಆಗಬಹುದು. ಪ್ರಗತಿಪಟ್ಟಿ ನಿಂತಂತೆ ಕಂಡರೂ ಕ್ಯಾನ್ಸಲ್ ಒತ್ತಬೇಡಿ, ಪವರ್ ಬಟನ್ ಮುಟ್ಟಬೇಡಿ.

ವಿಂಡೋಸ್‌ಗೇ ಜಾಗ ಬೇಕಾದರೆ

ದಿಕ್ಕು ತಿರುವುಮುರುವು, ಅಷ್ಟೇ. ಪೆನ್‌ಡ್ರೈವ್‌ನಿಂದ ಬೂಟ್ ಆಗಿ ಉಬುಂಟುವಿನ ಎಡ ತುದಿಯನ್ನು ಬಲಕ್ಕೆ ತಳ್ಳಿ. ಸಿ ಡ್ರೈವ್‌ನ ಬಲಕ್ಕೆ ಅಂಟಿಕೊಂಡೇ ಖಾಲಿ ಜಾಗ ಸಿಗುತ್ತದೆ. ವಿಂಡೋಸ್‌ಗೆ ಬಂದು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಾಡಿ.

ಕೆಲವು ಕಂಪ್ಯೂಟರ್‌ಗಳಲ್ಲಿ ಸಿ ಡ್ರೈವ್ ಆದ ಕೂಡಲೇ ರಿಕವರಿ ಪಾರ್ಟಿಷನ್ ಇರುತ್ತದೆ. ಅದನ್ನು ಡಿಲೀಟ್ ಮಾಡಿಬಿಡಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಒಪ್ಪಬೇಡಿ. ವಿಂಡೋಸ್ ಕೆಟ್ಟಾಗ ದುರಸ್ತಿಗೆ ಸಿಗುವ ಪರಿಸರ ಅಲ್ಲೇ ಇರುವುದು. ಅದನ್ನು ಜಿಪಾರ್ಟೆಡ್‌ನಲ್ಲಿ ಬಲಕ್ಕೆ ಜರುಗಿಸಿಕೊಳ್ಳಬಹುದು. ಅದರ ಗಾತ್ರವನ್ನೂ ಕಡಿಮೆ ಮಾಡಬೇಡಿ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಭದ್ರತಾ ಅಪ್‌ಡೇಟ್‌ಗೆ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಬೇಕಿತ್ತು. ಅಷ್ಟು ಇಲ್ಲದ ಕಂಪ್ಯೂಟರ್‌ಗಳಲ್ಲಿ ಅದು ವಿಫಲವಾಗುತ್ತಿತ್ತು. ಪಾರ್ಟಿಷನ್ ಅನ್ನು ನೀವೇ ಹಿಗ್ಗಿಸಿಕೊಳ್ಳಿ ಎಂದು ಮೈಕ್ರೋಸಾಫ್ಟ್ ಸೂಚನೆ ಕೊಡಬೇಕಾಯಿತು. 100 ಎಂಬಿಯ ಇಎಫ್‌ಐ ಪಾರ್ಟಿಷನ್ ಅನ್ನಂತೂ ಯಾವ ಕಾರಣಕ್ಕೂ ಮುಟ್ಟಬೇಡಿ.

ಮುಗಿದ ಮೇಲೆ, ಬೂಟ್ ಆಗದಿದ್ದರೆ

ಎರಡೂ ಸಿಸ್ಟಂಗೆ ಒಂದೊಂದು ಸಲ ಹೋಗಿ ಬನ್ನಿ. ಯುಇಎಫ್‌ಐ ಇರುವ ಈಗಿನ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಬೂಟ್ ಮೆನು ತೋರಿಸುವ ಗ್ರಬ್ ಉಬುಂಟುವನ್ನು ಹುಡುಕುವುದು ಯುಯುಐಡಿ ಎಂಬ ಗುರುತುಸಂಖ್ಯೆಯಿಂದ, ಪಾರ್ಟಿಷನ್ ಹಿಗ್ಗಿಸಿದರೂ ಜರುಗಿಸಿದರೂ ಅದು ಬದಲಾಗುವುದಿಲ್ಲ. ಡಿಲೀಟ್ ಮಾಡಿ ಹೊಸದಾಗಿ ಮಾಡಿದರೆ ಮಾತ್ರ ಬದಲಾಗುತ್ತದೆ. ಸ್ವಾಪ್ ಪಾರ್ಟಿಷನ್ ತೆಗೆದು ಮತ್ತೆ ಮಾಡಿದವರ ಉಬುಂಟು ಶುರುವಾಗುವಾಗ ಒಂದೂವರೆ ನಿಮಿಷ ಸುಮ್ಮನೆ ನಿಲ್ಲುವುದು ಇದರಿಂದಲೇ. ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಹೊಸ ಸಂಖ್ಯೆ ಬರೆದರೆ ಸರಿಹೋಗುತ್ತದೆ.

ನೇರವಾಗಿ ವಿಂಡೋಸ್‌ಗೇ ಹೋಗುತ್ತಿದ್ದರೆ ಬಯೋಸ್ ಸೆಟ್ಟಿಂಗ್ಸ್‌ನಲ್ಲಿ ಬೂಟ್ ಕ್ರಮ ನೋಡಿ ಉಬುಂಟುವನ್ನು ಮೇಲಕ್ಕೆ ತನ್ನಿ. ಗ್ರಬ್ ಕಪ್ಪು ಪರದೆಯಲ್ಲೇ ನಿಂತರೆ ಡೇಟಾ ಹೋಯಿತು ಎಂದಲ್ಲ. ಅದೇ ಪೆನ್‌ಡ್ರೈವ್‌ನಿಂದ ಬೂಟ್ ಆಗಿ ‘ಬೂಟ್ ರಿಪೇರ್’ ಹಾಕಿದರೆ ಗ್ರಬ್ ಮತ್ತೆ ಕೂರುತ್ತದೆ. ಪಾರ್ಟಿಷನ್ನೇ ಕಾಣೆಯಾದಂತೆ ತೋರಿದರೆ ಆ ಡಿಸ್ಕ್ ಮೇಲೆ ಏನನ್ನೂ ಬರೆಯಬೇಡಿ. ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಧನ ಕಳೆದುಹೋದ ಪಾರ್ಟಿಷನ್‌ಗಳ ಗಡಿ ಹುಡುಕಿ ಕೊಡಬಲ್ಲದು.

ಈ ವಿವರಗಳು ಎಲ್ಲರಿಗೂ ಒಂದೇ ಥರ ಅನ್ವಯಿಸುವುದಿಲ್ಲ. 2012ಕ್ಕಿಂತ ಹಳೆಯ ಹಲವು ಕಂಪ್ಯೂಟರ್‌ಗಳಲ್ಲಿ ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಪದ್ಧತಿ ಇರುತ್ತದೆ. ಅದರಲ್ಲಿ ಪ್ರೈಮರಿ ಪಾರ್ಟಿಷನ್ ನಾಲ್ಕೇ. ಉಬುಂಟು ‘ಎಕ್ಸ್‌ಟೆಂಡೆಡ್’ ಎಂಬ ಹೊರಚೌಕಟ್ಟಿನೊಳಗೆ ಇದ್ದರೆ ಮೊದಲು ಹೊರಚೌಕಟ್ಟು ಹಿಗ್ಗಿಸಬೇಕು, ಆಮೇಲೆ ಒಳಗಿನದು. ಫೆಡೋರಾ ವರ್ಕ್‌ಸ್ಟೇಷನ್ 2020ರಿಂದ ಬಳಸುವ ಬಿಟಿಆರ್‌ಎಫ್‌ಎಸ್ ಫೈಲ್‌ ಸಿಸ್ಟಂ ಓಡುತ್ತಿರುವಾಗಲೂ ಕುಗ್ಗುತ್ತದೆ. ಎಕ್ಸ್‌ಎಫ್‌ಎಸ್ ಹಿಗ್ಗುತ್ತದೆ, ಆದರೆ ಅದನ್ನು ಕುಗ್ಗಿಸಲು ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಎನ್‌ಕ್ರಿಪ್ಷನ್ ಆರಿಸಿ ಹಾಕಿದ ಉಬುಂಟುವಿನಲ್ಲಿ ಒಂದರೊಳಗೊಂದು ಪದರಗಳಿರುತ್ತವೆ. ಅಂಥದ್ದರಲ್ಲಿ ಮೊದಲ ದಾರಿಯನ್ನೇ ಹಿಡಿಯಿರಿ, ಇಲ್ಲವೇ ಬ್ಯಾಕಪ್ ಮಾಡಿ ಹೊಸದಾಗಿ ಹಾಕಿ.

ಈಗಷ್ಟೇ ಹಾಕುವವರಿಗೆ

ಉಬುಂಟು 24.04 ಕೇಳುವುದು 25 ಜಿಬಿ, ವಿಂಡೋಸ್ 11 ಕೇಳುವುದು 64 ಜಿಬಿ. ಇವು ಇನ್‌ಸ್ಟಾಲ್ ಆಗಲು ಸಾಕು, ಬಳಸಲು ಸಾಲವು. 512 ಜಿಬಿಯ ಡಿಸ್ಕ್ ಇದ್ದರೆ ವಿಂಡೋಸ್‌ಗೆ 150–200 ಜಿಬಿ, ಉಬುಂಟುವಿನ ರೂಟ್‌ಗೆ 80–100 ಜಿಬಿ ಕೊಟ್ಟು, ಉಳಿದದ್ದನ್ನು ಎರಡೂ ಸಿಸ್ಟಂ ಓದುವಂತೆ ಎನ್‌ಟಿಎಫ್‌ಎಸ್ ಡೇಟಾ ಪಾರ್ಟಿಷನ್ ಮಾಡಿ. ನಿಮ್ಮ ಫೈಲುಗಳೆಲ್ಲ ಅಲ್ಲಿರಲಿ. ಡೇಟಾ ಪಾರ್ಟಿಷನ್ ಅನ್ನು ಉಬುಂಟುವಿನ ಬಲಕ್ಕೆ ಇಟ್ಟರೆ ಇನ್ನೂ ಒಳ್ಳೆಯದು. ಮುಂದೆ ರೂಟ್ ತುಂಬಿದರೆ, ಡೇಟಾವನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ತೆಗೆದಿಟ್ಟು ಆ ಪಾರ್ಟಿಷನ್ ಚಿಕ್ಕದಾಗಿ ಮಾಡಿ, ಉಬುಂಟುವನ್ನು ಬಲಕ್ಕೆ ಹಿಗ್ಗಿಸಿದರಾಯಿತು. ಸಿಸ್ಟಂ ಇರುವ ಪಾರ್ಟಿಷನ್‌ಗಳು ಜರುಗಬೇಕಾದ ಪ್ರಸಂಗವೇ ಬರುವುದಿಲ್ಲ.